ಸೂಜಿಯಷ್ಟು ಕಬ್ಬಿಣ

"ನಿಮಗೇನಮ್ಮ, ಇದು ರಕ್ತದಲ್ಲೇ ಬಂದಿದೆ."

ಹೋದ ವರ್ಷ ಪಿಎಚ್.ಡಿ. ಸಂದರ್ಶನದಲ್ಲಿ ಮೇಜಿನ ಆಚೆ ಕೂತಿದ್ದ ಮೇಷ್ಟ್ರೊಬ್ಬರು ನನಗೆ ಹೇಳಿದ ಮೊದಲ ಮಾತು ಇದು. ಅವರು ಕೆಟ್ಟವರೇನಲ್ಲ. ನಗುತ್ತಾ ಹೇಳಿದರು, ಹೊಗಳುವುದಕ್ಕೇ ಹೇಳಿದರು. ನನ್ನ ಅರ್ಜಿಯಲ್ಲಿ ಇದ್ದದ್ದು ಇಷ್ಟು: ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಬಗ್ಗೆ, ನಮ್ಮ ಕೇರಿಯ ತಮಟೆಯ ಬಗ್ಗೆ ಹೊರಗೆ ನಿಂತು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಹಾಡುತ್ತೇನೆ, ಬಾರಿಸುತ್ತೇನೆ. ಹಾಗೆ ಮಾಡುವಾಗ ಹೊಸದೊಂದು ಸೊಲ್ಲು, ಹೊಸದೊಂದು ಪೆಟ್ಟು ಎಲ್ಲಿಂದ ಹುಟ್ಟುತ್ತದೆ ಅನ್ನುವುದನ್ನು ನನ್ನ ಮೈಯನ್ನೇ ಒಡ್ಡಿ ನೋಡುತ್ತೇನೆ. ಇದನ್ನು ಓದಿದ ಎರಡನೆಯವರು ಕನ್ನಡಕ ತೆಗೆದು ಕೇಳಿದರು: "ನೀವು ಹಾಡ್ತೀರಿ, ಬಾರಿಸ್ತೀರಿ, ಸಂತೋಷ. ಅದು ಸಂಶೋಧನೆ ಹೇಗಾಗುತ್ತೆ? ವಿಧಾನ ಎಲ್ಲಿದೆ ಇದರಲ್ಲಿ?" ಮೂರನೆಯವರು ಗಡಿಯಾರ ನೋಡಿದರು. ವಾರ ಕಳೆದ ಮೇಲೆ "ಪರಿಷ್ಕರಿಸಿ ಮತ್ತೆ ಸಲ್ಲಿಸುವುದು" ಅಂತ ಕಾಗದ ಬಂತು.

ಸಂದರ್ಶನ ಮುಗಿಸಿ ಮದ್ದೂರಿಗೆ ಬರುವ ಬಸ್ಸಿನಲ್ಲಿ ಕಬ್ಬಿನ ಗದ್ದೆ ನೋಡುತ್ತಾ ಕೂತಿದ್ದಾಗ ನನಗೆ ಹೊಳೆಯಿತು. ಆ ಇಬ್ಬರೂ ಹೇಳಿದ್ದು ಒಂದೇ ಮಾತು. ರಕ್ತದಲ್ಲೇ ಬಂದದ್ದಾದರೆ ಅದರಲ್ಲಿ ಕಲಿಯುವುದೇನು, ಹುಡುಕುವುದೇನು? ಕೋಗಿಲೆ ಕೂಗುತ್ತದೆ, ಕೋಗಿಲೆಯ ಬಗ್ಗೆ ಪುಸ್ತಕ ಬರೆಯುವವರು ಬೇರೆ. ಒಬ್ಬರು ನನಗೆ ಕೊರಳು ಕೊಟ್ಟರು, ಇನ್ನೊಬ್ಬರು ತಲೆ ಕಿತ್ತುಕೊಂಡರು. ಇಬ್ಬರೂ ಒಂದೇ ಮೇಜಿನ ಹಿಂದೆ ಒಂದೇ ತಟ್ಟೆಯ ಬಿಸ್ಕತ್ತು ತಿನ್ನುತ್ತಿದ್ದರು.

ಈ ರಕ್ತದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಕೇರಿಯಲ್ಲಿ ತಮಟೆ ಸರದಿಯ ಮೇಲೆ ಬರುತ್ತಿತ್ತು. ಮಾರಿಹಬ್ಬಕ್ಕೆ, ಊರ ದೇವರ ಮೆರವಣಿಗೆಗೆ, ಊರೊಳಗಿನವರ ಸಾವಿಗೆ, ಟಾಂಟಾಂ ಸಾರುವುದಕ್ಕೆ. ಯಾರಿಗೆ ಲಯ ಗೊತ್ತು, ಯಾರಿಗೆ ಗೊತ್ತಿಲ್ಲ ಅಂತ ಯಾರೂ ಕೇಳುತ್ತಿರಲಿಲ್ಲ. ಸರದಿ ಬಂದ ಮನೆಯ ಗಂಡಸು ಹೋಗಬೇಕು, ಜ್ವರ ಇದ್ದರೂ ಹೋಗಬೇಕು. ಕೂಲಿ ಅಂತ ಇಲ್ಲ. ಸುಗ್ಗಿಯಲ್ಲಿ ಒಂದು ಹೊರೆ ಹುಲ್ಲು, ಹಬ್ಬದ ದಿನ ದೂರದಿಂದ ಸುರಿಯುವ ಅನ್ನ, ಸಾವಿನ ದಿನ ಹೆಂಡ. 1989ರ ಮಾರಿಹಬ್ಬದಲ್ಲಿ ನಮ್ಮ ಮನೆಯ ಸರದಿ. ಅಪ್ಪನಿಗೆ ಆಗ 19 ವರ್ಷ. ಹುಲ್ಲು ಹೊತ್ತಿಸಿ ತಮಟೆ ಕಾಯಿಸುತ್ತಿದ್ದ. ಅಪ್ಪನ ಜೊತೆ ಒಂದೇ ಕ್ಲಾಸಿನಲ್ಲಿ ಓದಿದ್ದ ಊರೊಳಗಿನ ಹುಡುಗನೊಬ್ಬ ಬಂದು ಕಾಲಿನಲ್ಲಿ ತಮಟೆಯನ್ನು ತಳ್ಳಿ "ಬೇಗ ಬಡೀಲಾ" ಅಂದ. ಅಪ್ಪ ಬೈಯಲಿಲ್ಲ, ಕೈಯೆತ್ತಲಿಲ್ಲ. ಕಾಯಿಸುತ್ತಿದ್ದ ಬೆಂಕಿಗೇ ತಮಟೆಯನ್ನು ಹಾಕಿ, ಅದು ಸುಟ್ಟು ಮುದುರಿಕೊಳ್ಳುವವರೆಗೂ ನಿಂತು ನೋಡಿ ಮನೆಗೆ ಬಂದ. ಆರು ತಿಂಗಳು ಊರಲ್ಲಿ ಯಾರೂ ಕೂಲಿಗೆ ಕರೆಯಲಿಲ್ಲ. ಆಲೆಮನೆಯಿಂದ ಆಲೆಮನೆಗೆ ಅಲೆದು, ಬೆಲ್ಲದ ಕೊಪ್ಪರಿಗೆ ಮುಂದೆ ಬೆಂದು, ಅಪ್ಪ ಬದುಕು ಕಟ್ಟಿಕೊಂಡ. ಇದನ್ನೆಲ್ಲ ನನಗೆ ಹೇಳಿದ್ದು ಅವ್ವ. ಅಪ್ಪ ಇವತ್ತಿಗೂ ಆ ಮಾತು ಎತ್ತಿಲ್ಲ.

ಹಾಗಾಗಿ ನಾನು ಹುಟ್ಟಿದ ಮನೆಯಲ್ಲಿ ತಮಟೆ ಇರಲಿಲ್ಲ. ಅದರ ಸದ್ದನ್ನು ಕೇಳಿ ಬೆಳೆದವಳೂ ಅಲ್ಲ ನಾನು. ಇನ್ನು ರಕ್ತದ ಲೆಕ್ಕವನ್ನೇ ಹಿಡಿದರೂ ತಮಟೆ ಅಪ್ಪನಿಂದ ಮಗನಿಗೆ ಬರಬೇಕು, ಹೆಣ್ಣುಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಆ ಲೆಕ್ಕದಲ್ಲಿ ಬರಬೇಕಾದದ್ದು ನನ್ನ ತಮ್ಮನಿಗೆ. ಅವನು ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಮದುವೆ ಮನೆಯಲ್ಲಿ ಚಪ್ಪಾಳೆ ತಟ್ಟಿದರೂ ತಾಳ ತಪ್ಪುತ್ತದೆ ಪುಣ್ಯಾತ್ಮನಿಗೆ.

ನಾನು ತಮಟೆ ಹಿಡಿದದ್ದು ಮೈಸೂರಿನ ಹಾಸ್ಟೆಲಿನಲ್ಲಿ, ಎಂ.ಎ. ಓದುವಾಗ. ಅಂಬೇಡ್ಕರ್ ಜಯಂತಿಗೆ ಅಂತ ಹುಡುಗಿಯರೆಲ್ಲ ಸೇರಿ ಒಂದು ತಂಡ ಕಟ್ಟಿದೆವು. ಕಲಿಸಲು ಬಂದ ಅಣ್ಣ ನನ್ನ ಊರು ಕೇರಿ ವಿಚಾರಿಸಿಕೊಂಡು "ನಿನಗೆ ಹೇಳಿಕೊಡೋದೇನಿದೆ ಬುಡವ್ವ" ಅಂತ ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. ಎಂಟು ತಿಂಗಳಾದರೂ ಮೊದಲನೇ ಮಟ್ಟು ಕೈಗೆ ಕೂರಲಿಲ್ಲ. ಬಲಗೈಯಲ್ಲಿ ದಪ್ಪ ಗಿಡ್ಡ ಕೋಲು, ಎಡಗೈಯಲ್ಲಿ ತೆಳ್ಳಗಿನ ಉದ್ದ ಕಡ್ಡಿ. ಬಲಗೈ ಹೇಳಿದ್ದನ್ನೇ ಎಡಗೈಯೂ ಹೇಳುತ್ತಿತ್ತು. ಬೆರಳ ಸಂದಿಯಲ್ಲಿ ಬೊಬ್ಬೆ ಎದ್ದು ಒಡೆದು, ಉಣ್ಣುವಾಗ ಸಾರು ತಗುಲಿ ಉರಿಯುತ್ತಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದವಳು ನಾಗಮಂಗಲ ಕಡೆಯ ಒಕ್ಕಲಿಗರ ಹುಡುಗಿ. ಮೂರು ವಾರಕ್ಕೆ ಅವಳ ಕೈ ಹರಿಯಿತು. ನಾನು ಹೊಟ್ಟೆಕಿಚ್ಚಿನಿಂದಲೇ ಕೇಳಿದೆ, ಹೇಗೆ ಅಂತ. ಅವಳಿಗೂ ಗೊತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ತಾನೇ ಹೇಳಿದಳು: ಏಳನೇ ಕ್ಲಾಸಿನಿಂದ ದಿನಾ ಬೆಳಿಗ್ಗೆ ಸಾಯಂಕಾಲ ಎರಡು ಹಸು ಹಿಂಡುತ್ತಿದ್ದಳಂತೆ. ಒಂದು ಕೈ ಹಿಚುಕುವಾಗ ಇನ್ನೊಂದು ಕೈ ಬಿಡಬೇಕು. ಆ ಎರಡು ಕೈಗೂ ಹತ್ತು ವರ್ಷದಿಂದ ಬೇರೆ ಬೇರೆ ಮಾತು ಗೊತ್ತಿತ್ತು. ನನ್ನದೋ, ಅಕ್ಷರ ಕಲಿತ ಕೈ. ಬಲಗೈ ಬರೆಯುತ್ತಾ ಹೋದಷ್ಟು ಕಾಲವೂ ಎಡಗೈ ಪುಸ್ತಕ ಒತ್ತಿ ಹಿಡಿದು ಸುಮ್ಮನೆ ಕೂತಿತ್ತು.

ಇದನ್ನೇ ನಾನು ಸಂದರ್ಶನದಲ್ಲಿ ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ.

ಆ ಯುಗಾದಿಗೆ ಊರಿಗೆ ಬಂದವಳು ತಮಟೆಯನ್ನು ಚೀಲದಲ್ಲಿ ಸುತ್ತಿ ತಂದಿದ್ದೆ. ಅಪ್ಪ ಹೊಲಕ್ಕೆ ಹೋದಾಗ ಹಿತ್ತಲಲ್ಲಿ ಬಾರಿಸುತ್ತಿದ್ದೆ. ಒಂದು ಸಂಜೆ ಅಪ್ಪ ಬೇಗ ಬಂದಿದ್ದ, ನನಗೆ ಗೊತ್ತಾಗಲಿಲ್ಲ. ರಾತ್ರಿ ಉಣ್ಣುವಾಗ, ಅವ್ವ ಮುದ್ದೆ ತಿರುವುತ್ತಿದ್ದಾಗ, ಅಪ್ಪ ತಲೆ ಎತ್ತದೆ ಸ್ಟೀಲಿನ ತಟ್ಟೆಯ ಅಂಚಿಗೆ ಎರಡು ಬೆರಳಿನಿಂದ ತಟ್ಟಿದ. "ಎಡಗೈ ಮಾತಾಡ್ಬೇಕು ಕಣಮ್ಮಿ, ಬಲಗೈ ಹೂಂಗುಟ್ಬೇಕು. ನೀನು ತಿರುಗ್ಸಿ ಬಡೀತಿದ್ದೀಯ." ಇಷ್ಟೇ. ಆಮೇಲೆ ಕೈ ತೊಳೆದುಕೊಂಡು ಜಗುಲಿಗೆ ಹೋದ. ಮೂವತ್ತು ವರ್ಷದ ಮೇಲೆ ಆ ಕೈ ಅಷ್ಟು ಮಾತಾಡಿತು. ಎಂಟು ತಿಂಗಳಲ್ಲಿ ಆಗದ್ದು ಆ ವಾರ ಆಯಿತು. ಅಪ್ಪ ತಟ್ಟೆಯ ಅಂಚಿನಲ್ಲಿ ನನಗೆ ಕೊಟ್ಟದ್ದನ್ನು ರಕ್ತ ಅನ್ನುವುದು ಹೇಗೆ? ಅದು ಪಾಠ. ರಕ್ತವೇ ಆಗಿದ್ದರೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಎಂ.ಎ.ಯಲ್ಲಿ ಕಾವ್ಯಮೀಮಾಂಸೆ ಅಂತ ಒಂದು ಪತ್ರಿಕೆ ಇತ್ತು. ಕಾವ್ಯ ಎಲ್ಲಿಂದ ಹುಟ್ಟುತ್ತದೆ ಅನ್ನುವುದಕ್ಕೆ ಹಳಬರು ಹೇಳಿದ ಕಾರಣಗಳು: ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ. ಪ್ರತಿಭೆ ಅಂದರೇನು? ಕಾಶ್ಮೀರದ ವಾಮನ ಅದನ್ನು ಕವಿತ್ವದ ಬೀಜ ಅಂದ, ಜನ್ಮಾಂತರದಿಂದ ಬಂದ ಸಂಸ್ಕಾರ ಅಂದ. ನಾನು ನೋಟ್ಸ್ ಬರೆಯುತ್ತಿದ್ದವಳು ನಿಲ್ಲಿಸಿದೆ. ಈ ಜನ್ಮಾಂತರವನ್ನು ನಾನು ಎಲ್ಲೋ ನೋಡಿದ್ದೇನಲ್ಲ! ನಮ್ಮಜ್ಜಿ ಊರ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು, ಯಾರಾದರೂ ನೀರು ಸೇದಿ ಹಾಕಲಿ ಅಂತ ಕಾಯುತ್ತಿದ್ದಾಗ ಅವಳಿಗೂ ಇದೇ ಜನ್ಮಾಂತರದ ಕಾರಣ ಹೇಳಿದ್ದರು. ಹೋದ ಜನ್ಮದಲ್ಲಿ ಮಾಡಿದ್ದು, ಈ ಜನ್ಮದಲ್ಲಿ ಉಣ್ಣುವುದು. ಅಂದರೆ ಒಂದೇ ಹೋದ ಜನ್ಮ ಒಬ್ಬರಿಗೆ ಕಾವ್ಯ ಕೊಟ್ಟಿತು, ಇನ್ನೊಬ್ಬರಿಗೆ ಖಾಲಿ ಕೊಡ ಕೊಟ್ಟಿತು! ಅಂಬೇಡ್ಕರ್ 1936ರಲ್ಲಿ ಅಚ್ಚು ಹಾಕಿಸಿದ 'ಜಾತಿ ವಿನಾಶ'ದ ಭಾಷಣದಲ್ಲಿ ಇದನ್ನೇ ಹಿಡಿದು ಜಗ್ಗುತ್ತಾರೆ. ಮನುಷ್ಯನ ಒಲವು ಏನು, ಕೈಗುಣ ಏನು ಅಂತ ನೋಡದೆ, ಅಪ್ಪ ಅಮ್ಮ ಯಾರು ಅಂತ ನೋಡಿ ಅವನ ಕೆಲಸವನ್ನು ಹುಟ್ಟುವ ಮುಂಚೆಯೇ ಗೊತ್ತು ಮಾಡಿಬಿಡುವುದು ಅಂತ. ಅವರು ಹೇಳಿದ್ದು ದುಡಿಮೆಯ ಬಗ್ಗೆ. ಕಲೆಯೂ ದುಡಿಮೆಯೇ ಆದ್ದರಿಂದ ಅದಕ್ಕೂ ಸಲ್ಲುತ್ತದೆ.

ಆದರೆ ಹಳಬರೆಲ್ಲ ಒಂದೇ ಥರ ಅಲ್ಲ. ದಂಡಿ ಅನ್ನುವವನು ವಾಮನನಿಗಿಂತ ಹಿಂದಿನವನು. ಪೂರ್ವವಾಸನೆಯ ಅದ್ಭುತ ಪ್ರತಿಭೆ ಇಲ್ಲದಿದ್ದರೂ ಚಿಂತೆ ಇಲ್ಲ, ಓದಿ ದುಡಿದರೆ ವಾಗ್ದೇವಿ ಏನಾದರೂ ಕೊಟ್ಟೇ ಕೊಡುತ್ತಾಳೆ ಅನ್ನುವ ಅರ್ಥದ ಮಾತು ಅವನ 'ಕಾವ್ಯಾದರ್ಶ'ದಲ್ಲಿದೆ. ಆ ದಂಡಿಯನ್ನು ಮುಂದಿಟ್ಟುಕೊಂಡು ಒಂಬತ್ತನೇ ಶತಮಾನದಲ್ಲಿ ಬರೆದ ನಮ್ಮ 'ಕವಿರಾಜಮಾರ್ಗ' ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ನಾಡಿನ ಜನ ಪುಸ್ತಕ ಹಿಡಿದು ಓದದೆಯೂ ಕಾವ್ಯದ ಪ್ರಯೋಗದಲ್ಲಿ ಪಳಗಿದವರು ಅನ್ನುತ್ತದೆ. ಭಾಷಣಕಾರರು ಈ ಮಾತನ್ನು ನಾಡಹಬ್ಬದ ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅದರಲ್ಲಿರುವ 'ಪ್ರಯೋಗ' ಅನ್ನುವ ಪದದ ಮೇಲೆ ಯಾರೂ ಬೆರಳಿಟ್ಟದ್ದನ್ನು ನಾನು ಕಾಣೆ. ನಾನು ಪ್ರಯೋಗ ಅಂದರೆ ಮಾಡುವುದು, ಮಾಡುತ್ತಾ ಪಳಗುವುದು ಅಂತ ಓದಿಕೊಂಡೆ.

ಇನ್ನು ನೋವಿನ ಮಾತು. ಇದನ್ನು ಹೇಳುವಾಗ ನಮ್ಮವರಿಗೇ ಸಿಟ್ಟು ಬರಬಹುದು, ಬರಲಿ.

ಮಂಡ್ಯದ ಒಂದು ಕವಿಗೋಷ್ಠಿಯಲ್ಲಿ ನಾನು ಪದ್ಯ ಓದಿ ಕೂತ ಮೇಲೆ ಅಧ್ಯಕ್ಷತೆ ವಹಿಸಿದ್ದವರು "ಈ ಹೆಣ್ಣುಮಗಳ ನೋವೇ ಇದನ್ನು ಬರೆಸಿದೆ" ಅಂದರು. ಸಭೆ ಕಣ್ಣೊರೆಸಿಕೊಂಡಿತು. ಆ ಪದ್ಯವನ್ನು ನಾನು ನಾಲ್ಕು ತಿಂಗಳು ತಿದ್ದಿದ್ದೆ. ಹನ್ನೊಂದು ಸಲ ಹರಿದಿದ್ದೆ. ಕೊನೆಯ ಸಾಲಿನ ಒಂದು ಪದಕ್ಕಾಗಿ ಶಿಂಷಾ ಸೇತುವೆಯ ಮೇಲೆ ಗಂಟೆಗಟ್ಟಲೆ ನಿಂತಿದ್ದೆ. ಎಲ್ಲವೂ ನೋವಿನ ಖಾತೆಗೆ ಜಮಾ ಆಯಿತು. ನೋವು ಪದ್ಯ ಬರೆಸುವುದಾಗಿದ್ದರೆ ನಮ್ಮಜ್ಜಿ ಈ ಜಿಲ್ಲೆಯ ಮಹಾಕವಿ ಆಗಬೇಕಿತ್ತು. ಅವಳು ಐದು ಮಕ್ಕಳಲ್ಲಿ ಮೂರನ್ನು ಮಣ್ಣಿಗೆ ಕೊಟ್ಟು, ಗೋಡೆಗೆ ಒರಗಿ ಎಲೆಅಡಿಕೆ ಜಗಿಯುತ್ತಾ ಕೂತಿರುತ್ತಿದ್ದಳು. ನೋವು ಅವಳ ಬಾಯಿ ಮುಚ್ಚಿಸಿತ್ತು. ನೋವು ಮಾಡುವ ಸಾಮಾನ್ಯ ಕೆಲಸ ಅದೇ.

ಮೇಲಿನವರು ರಕ್ತ ಅನ್ನುತ್ತಾರೆ, ನಮ್ಮವರು ಅನುಭವ ಅನ್ನುತ್ತಾರೆ. "ನಮಗೇನು ವ್ಯಾಕರಣ, ಛಂದಸ್ಸು? ಉಂಡ ಕಷ್ಟವೇ ಕಾವ್ಯ." ಈ ಮಾತು ನಂಬಿ ನಾನು ಇಪ್ಪತ್ತು ಪದ್ಯ ಬರೆದೆ. ಇಪ್ಪತ್ತರಲ್ಲೂ ಅದೇ ಬೆಂಕಿ, ಅದೇ ನೆತ್ತರು, ಅದೇ ಸೂರ್ಯ. ಯಾರದೋ ಪದ್ಯದ ಕೆಳಗೆ ನನ್ನ ಹೆಸರು ಹಾಕಿದಂತಿತ್ತು. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಊರೂರಿನಲ್ಲಿ ತಮಟೆಯ ಜೊತೆ ಹಾಡಾಗಿ ಹರಿದದ್ದು ಬರೀ ಸಿಟ್ಟಿನ ಬಲದಿಂದ ಅಂತ ನಾನು ನಂಬಲಾರೆ. ಸಿಟ್ಟು ಎಲ್ಲರಿಗೂ ಇತ್ತು. ಕಿವಿ ಪಳಗಿದ್ದು ಅವರಿಗೆ. ಹೋರಾಟದ ಪದ್ಯ ಬರೆದ ಆ ಕವಿಯೇ ಗ್ರಾಮದೇವತೆಗಳ ಬೆನ್ನು ಹತ್ತಿ ಪಿಎಚ್.ಡಿ. ಮಾಡಿದರು ಅನ್ನುವುದನ್ನು ನಮ್ಮ ಹುಡುಗರು ಮರೆಯುತ್ತಾರೆ. ದೇವನೂರ ಮಹಾದೇವ 1984ರಲ್ಲಿ 'ಕುಸುಮಬಾಲೆ' ಕೊಟ್ಟಾಗ ಆ ಭಾಷೆ ಕೇರಿಯ ಬಾಯಿಂದ ಉದುರಿದ್ದನ್ನು ಹಾಗೇ ಆಯ್ದುಕೊಂಡದ್ದು ಅಂದವರೂ ಇದ್ದಾರೆ. ಆಯ್ದುಕೊಳ್ಳುವುದು ಅಷ್ಟು ಸಲೀಸಾಗಿದ್ದರೆ ಇಷ್ಟು ಹೊತ್ತಿಗೆ ಅಂಥವು ಹತ್ತು ಬಂದಿರಬೇಕಾಗಿತ್ತು.

ಈಗ ತಾತನ ವಿಷಯಕ್ಕೆ ಬರುತ್ತೇನೆ. ಅಪ್ಪನ ಅಪ್ಪ. ನಾನು ಹೇಳಬೇಕೆಂದು ಕೂತದ್ದೇ ಇದು.

ತಾತ ನೀಲಗಾರ. ತಮಟೆಯ ಹಾಗೆ ನೀಲಗಾರಿಕೆ ಸರದಿಯಿಂದ ಬರುವುದಲ್ಲ, ದೀಕ್ಷೆಯಿಂದ ಬರುವುದು. ಮಂಟೇಸ್ವಾಮಿ ಸಿದ್ದಪ್ಪಾಜಿ ಒಕ್ಕಲಿನ ಮನೆಗಳಲ್ಲಿ ಹರಕೆ ಹೊತ್ತು ಒಬ್ಬ ಮಗನಿಗೆ ದೀಕ್ಷೆ ಕೊಡಿಸುತ್ತಾರೆ. ನೀಲಗಾರರಲ್ಲಿ ನಮ್ಮವರೇ ಹೆಚ್ಚು, ಬೇರೆ ಜಾತಿಯವರೂ ಉಂಟು. ಹರಕೆ ಹೊತ್ತವರು ಅಪ್ಪ ಅವ್ವ, ಆದ್ದರಿಂದ ಇದೂ ಒಂಥರಾ ಕಟ್ಟೇ ಅನ್ನಿ. ಆದರೆ ದೀಕ್ಷೆಯ ಜೊತೆ ಹಾಡು ಬರುವುದಿಲ್ಲ. ಹಿರಿಯ ನೀಲಗಾರನ ಹಿಂದೆ ವರ್ಷಗಟ್ಟಲೆ ಡಕ್ಕೆ ಹಿಡಿದು, ತಾಳ ಹಿಡಿದು, ಸೊಲ್ಲಿಗೆ ಸೊಲ್ಲು ಸೇರಿಸಿ, ಆಮೇಲೆ ತಂಬೂರಿ. ತಾತನಿಗೆ ಓದು ಬರುತ್ತಿರಲಿಲ್ಲ. ಏಳು ರಾತ್ರಿ ಬೇಕಾದರೂ ಹಾಡುತ್ತಿದ್ದ. ಹಾಡುವ ರಾತ್ರಿ "ಬುದ್ಧಿ" ಅನ್ನಿಸಿಕೊಂಡವನು ಬೆಳಗಾದರೆ ಅದೇ ಊರಿನವರಿಗೆ "ಏನ್ಲಾ". ತಂಬೂರಿ ಹಿಡಿದ ಕೈಗೆ ತಮಟೆಯ ಸರದಿ ತಪ್ಪಲಿಲ್ಲ.

ಮಂಟೇಸ್ವಾಮಿ ಕಾವ್ಯ ನಮ್ಮ ಸೀಮೆಯ ಮಣ್ಣಿನಲ್ಲೇ ನಡೆಯುವ ಕಥೆ. ಮಂಟೇಸ್ವಾಮಿಯ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಅವನ ಶಿಶುಮಗ ಸಿದ್ದಪ್ಪಾಜಿಯ ಗದ್ದುಗೆ ಕೊಳ್ಳೇಗಾಲ ಕಡೆಯ ಚಿಕ್ಕಲ್ಲೂರಿನಲ್ಲಿ. ಸಿದ್ದಪ್ಪಾಜಿ ಮೊದಲು ಕೆಂಪಾಚಾರಿ, ಕಬ್ಬಿಣ ಬಡಿಯುವವರ ಮನೆಯ ಕೂಸು. ತಾತನ ಬಾಯಲ್ಲಿ ಅವನೂರು ನಮ್ಮ ಮದ್ದೂರು ತಾಲ್ಲೂಕಿನ ನಿಡಘಟ್ಟ. ಮಂಟೇಸ್ವಾಮಿ ಬಂದು ಆ ಮಗನನ್ನು ಬೇಡಿ ಕರೆದುಕೊಂಡು ಹೋಗುತ್ತಾನೆ. ಕುಲುಮೆಗೆ ಅಂತ ಹುಟ್ಟಿದವನು ಕುಲುಮೆ ಬಿಟ್ಟ. ಆಮೇಲೆ ಗುರು ಅವನನ್ನು ಎಲ್ಲಿಗೆ ಕಳಿಸಬೇಕು? ಹಲಗೂರಿಗೆ. ಮಳವಳ್ಳಿಯಿಂದ ಕನಕಪುರಕ್ಕೆ ಹೋಗುವ ದಾರಿಯ ಹಲಗೂರಿಗೆ, ಪಾಂಚಾಳದವರ ಹತ್ತಿರ, ಕಬ್ಬಿಣದ ಭಿಕ್ಷ ತರಲು. ಬಿಟ್ಟು ಬಂದ ಕುಲದವರ ಮುಂದೆಯೇ ಹೋಗಿ, ಬಿಟ್ಟು ಬಂದ ಕಬ್ಬಿಣವನ್ನೇ ಬೇಡಬೇಕು. ಅವರು ಕೊಡುವುದಿಲ್ಲ. ಬೈಯುತ್ತಾರೆ, ಹಿಂಸೆ ಕೊಡುತ್ತಾರೆ, ಪವಾಡದ ಮೇಲೆ ಪವಾಡ ಗೆಲ್ಲಿಸುತ್ತಾರೆ. ಈ ಭಾಗ ಬಂದರೆ ಕೇರಿಯಲ್ಲಿ ಮಕ್ಕಳೂ ಮಲಗುತ್ತಿರಲಿಲ್ಲ.

ನಾನು ಡಿಗ್ರಿಯಲ್ಲಿದ್ದಾಗ ತಾತ ಹಾಡಿದ್ದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ, ಎರಡು ಸಲ. ಎರಡೂ ಹಲಗೂರಿನ ಸಾಲು. ಮೂರನೆಯ ಸಲ 2019ರಲ್ಲಿ, ಪಕ್ಕದೂರಿನ ಒಂದು ತಿಥಿಯಲ್ಲಿ. ಅವತ್ತು ಪಂದಲ ಕೆಳಗೆ ಆ ಊರಿನ ಕುಲುಮೆಯ ಆಚಾರಿ ಬಂದು ಕೂತಿದ್ದರು, ವಯಸ್ಸಾದವರು, ಕುಲುಮೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ತಾತ ಅವರನ್ನು ನೋಡಿದ್ದನ್ನು ನಾನು ನೋಡಿದೆ. ಪಾಂಚಾಳರ ಬೈಗುಳ ಬಂತು, ಒಂದು ಸೊಲ್ಲೂ ಕಡಿಮೆ ಆಗಲಿಲ್ಲ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ, ಕೇರಿಯ ಕೊನೆಯ ಮನೆಯಿಂದ ಒಬ್ಬ ಕುರುಡು ಮುದುಕಿ ತಡವರಿಸಿಕೊಂಡು ಬಂದಳು. "ಕಬ್ಬಿಣ ಕೇಳಿದ್ಯಲ್ಲ ಕಂದ, ನನ್ನ ಹತ್ರ ಇದಿಷ್ಟೇ" ಅಂತ ಸೀರೆಯ ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ಒಂದು ಸೂಜಿ ತೆಗೆದು ಕೊಟ್ಟಳು. ಸಿದ್ದಪ್ಪಾಜಿ ಅದನ್ನು ಜೋಳಿಗೆಗೆ ಹಾಕಿಕೊಂಡ. ಜೋಳಿಗೆ ಭಾರವಾಗಿ ಹೆಗಲು ಬಗ್ಗಿತು. ಅಷ್ಟೇ, ಕಥೆ ಮುಂದೆ ಹೋಯಿತು. ಆಚಾರಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಆ ಮುದುಕಿ ಹಿಂದಿನ ಎರಡು ಸಲ ಇರಲಿಲ್ಲ. ಮನೆಗೆ ಬಂದು ಮತ್ತೆ ಮತ್ತೆ ಕೇಳಿದೆ, ಇಲ್ಲ. ಬೇರೆ ನೀಲಗಾರರ ಬಾಯಲ್ಲಿ ನಾನು ಕೇಳಿದ ರಾತ್ರಿಗಳಲ್ಲೂ ಅವಳು ಬಂದದ್ದಿಲ್ಲ. ತಾತನನ್ನು ಕೇಳಿದೆ: "ತಾತ, ಆ ಮುದುಕೀನ ನೀನೇ ಮಾಡ್ದಾ?" ತಾತನಿಗೆ ನಿಜವಾಗಿಯೂ ಸಿಟ್ಟು ಬಂತು. "ಸ್ವಾಮಿ ಕಥೇಲಿ ನಾ ಯಾವನಮ್ಮಿ ಮಾಡಾಕೆ? ಅವಳು ಇದ್ದೋಳೇ. ಕೈ ತಂಬೂರಿ ಮ್ಯಾಲೆ ಹೋಯ್ತಿತ್ತು, ಬಂದ್ಳು."

ಈ ಮಾತನ್ನು ನಾನು ಎಷ್ಟೋ ದಿನ ಮುಗ್ಧತೆ ಅಂತ ತಿಳಿದಿದ್ದೆ. ಆಮೇಲೆ ಆಲ್ಬರ್ಟ್ ಲಾರ್ಡ್ ಅನ್ನುವ ಅಮೆರಿಕದವರು 1960ರಲ್ಲಿ ಪ್ರಕಟಿಸಿದ ಕಥೆ ಹಾಡುವವರ ಬಗೆಗಿನ ಪುಸ್ತಕ ಓದಿದೆ. ಅವರೂ ಅವರ ಗುರು ಮಿಲ್ಮನ್ ಪ್ಯಾರಿಯೂ 1930ರ ದಶಕದಲ್ಲಿ ಯುಗೊಸ್ಲಾವಿಯದ ಹಳ್ಳಿಗಳಿಗೆ ಹೋಗಿ, ಒಂದೇ ತಂತಿಯ ವಾದ್ಯ ಹಿಡಿದು ರಾತ್ರಿಯಿಡೀ ಹಾಡುವವರನ್ನು ಧ್ವನಿಮುದ್ರಿಸಿದರು. ಅಲ್ಲಿ ಅವ್ದೋ ಮೆಜೆದೊವಿಚ್ ಅಂತ ಒಬ್ಬ, ಕಸಬಿನಲ್ಲಿ ಕಟುಕ, ಅಕ್ಷರ ಬಾರದವನು. 1935ರಲ್ಲಿ ಅವನು ಹಾಡಿದ ಒಂದು ಕಾವ್ಯ 12,000 ಸಾಲು ದಾಟಿತು. ಪ್ಯಾರಿ ಒಂದು ಪರೀಕ್ಷೆ ಇಟ್ಟರು. ಅವ್ದೋ ಎಂದೂ ಕೇಳದ ಕಥೆಯೊಂದನ್ನು ಅವನೆದುರಿಗೇ ಇನ್ನೊಬ್ಬನಿಂದ ಹಾಡಿಸಿದರು, ಸುಮಾರು 2,300 ಸಾಲು. ಮುಗಿದ ಮೇಲೆ ನೀನು ಹಾಡುತ್ತೀಯಾ ಅಂದರು. ಅವ್ದೋ ಅದನ್ನೇ 6,300 ಸಾಲಿಗೆ ಬೆಳೆಸಿ ಹಾಡಿದ. ಕಥೆ ಅವನದಲ್ಲ, ನುಡಿಗಟ್ಟು ಅವನದಲ್ಲ, ಧಾಟಿ ಅವನದಲ್ಲ. ಎಲ್ಲ ಮೊದಲೇ ಗೊತ್ತಾಗಿದ್ದೇ. ಆದರೆ ಹೆಚ್ಚಿನ ಆ 4,000 ಸಾಲು? ಲಾರ್ಡ್ ಕಂಡ ಇನ್ನೊಂದು ಸಂಗತಿ ಓದಿದಾಗ ನಾನು ಎದ್ದು ಕೂತೆ. ಹಾಡುಗಾರರು ತಾವು ಅಕ್ಷರ ಬಿಡದೆ ಕಲಿತಂತೆಯೇ ಹಾಡುತ್ತೇವೆ ಅಂತ ಆಣೆ ಮಾಡುತ್ತಿದ್ದರಂತೆ. ಮುದ್ರಿಕೆ ನೋಡಿದರೆ ಪ್ರತಿ ಸಲವೂ ಬೇರೆ. ನಮ್ಮ ತಾತನ ಸಿಟ್ಟು ಆ ಸಮುದ್ರದಾಚೆಯೂ ಇತ್ತು!

ಸೂಜಿ ಎಲ್ಲಿಂದ ಬಂತು? ಆಕಾಶದಿಂದ ಬರಲಿಲ್ಲ. ಬಡಿಯುವ ಕುಲುಮೆ, ಬೇಡುವ ಜೋಳಿಗೆ, ಮುಚ್ಚಿದ ಬಾಗಿಲು, ಮುದುಕಿಯರನ್ನು ಕರೆತರುವ ಹಳೆಯ ನುಡಿಗಟ್ಟು, ಐವತ್ತು ವರ್ಷ ತಂಬೂರಿ ಮೀಟಿದ ಕೈ, ಕೆಲಸ ಕಳೆದುಕೊಂಡು ಎದುರಿಗೆ ಕೂತ ಆಚಾರಿ, ಇವೆಲ್ಲ ಸೇರಿ ತಾತನನ್ನು ಒಂದು ಇಕ್ಕಟ್ಟಿಗೆ ತಂದಿಟ್ಟವು. ಕಾವ್ಯ ಪಾಂಚಾಳರನ್ನು ಬೈಯಬೇಕು ಅನ್ನುತ್ತದೆ. ಎದುರಿಗಿರುವವನು ತನ್ನ ಹಾಗೆಯೇ ಕೈ ಕಸುಬಿನ ಮುದುಕ. ಬೈಗುಳವನ್ನು ಬಿಡುವಂತಿಲ್ಲ, ಆ ಮನುಷ್ಯನನ್ನು ಬಿಟ್ಟುಕೊಡುವಂತಿಲ್ಲ. ಆ ಇಕ್ಕಟ್ಟಿನಲ್ಲಿ ಮುದುಕಿ ಬಂದಳು. ಕಾರಣಗಳನ್ನು ನಾನು ಪಟ್ಟಿ ಮಾಡಬಲ್ಲೆ. ಆದರೆ ಅವೇ ಕಾರಣಗಳನ್ನು ಇನ್ನೊಬ್ಬನ ಮುಂದೆ ಇಟ್ಟಿದ್ದರೆ ಅವನು ನಾಲ್ಕು ಸೊಲ್ಲು ನುಂಗಿ ಮುಂದೆ ಹೋಗುತ್ತಿದ್ದ. ವಿಧಿ ಅನ್ನುವವರೂ ಪ್ರತಿಭೆ ಅನ್ನುವವರೂ ಈ ಜಾಗಕ್ಕೆ ಬರುವುದೇ ಇಲ್ಲ. ಒಬ್ಬರು ಪಟ್ಟಿಯಲ್ಲೇ ನಿಲ್ಲುತ್ತಾರೆ, ಇನ್ನೊಬ್ಬರು ಪಟ್ಟಿಯನ್ನೇ ನೋಡುವುದಿಲ್ಲ.

ತಮಟೆಯಲ್ಲೂ ಹೀಗೇ. ಮಳೆಗಾಲದಲ್ಲಿ ಚರ್ಮ ಸಡಿಲ, ಬೇಸಿಗೆಯಲ್ಲಿ ಬಿಗಿ. ಅದು ಚರ್ಮದ ಹಣೆಬರಹ. ಬಾರಿಸುವವನು ಎಷ್ಟು ಹೊತ್ತು, ಬೆಂಕಿಗೆ ಎಷ್ಟು ಹತ್ತಿರ ಹಿಡಿಯಬೇಕು ಅಂತ ಬೆರಳಿನಿಂದ ತಟ್ಟಿ ತಟ್ಟಿ ಕೇಳುತ್ತಾನೆ. ಒಂದು ಕ್ಷಣ ಹೆಚ್ಚಾದರೆ ಸೀಳುತ್ತದೆ. ಇದನ್ನು ಯಾವ ಪುಸ್ತಕದಿಂದಲೂ ನಾನು ಕಲಿಯಲಾಗಲಿಲ್ಲ. ಎರಡು ತಮಟೆ ಸೀಳಿದ ಮೇಲೆ ಬಂತು. ಸೀಳಿದ ಆ ಎರಡು ತಮಟೆಯೇ ನನ್ನ 'ವಿಧಾನ', ಕನ್ನಡಕದ ಮೇಷ್ಟ್ರಿಗೆ ನಾನು ಕೊಡಬೇಕಾದ ಉತ್ತರ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಕ್ರಿಸ್ಟೊಫರ್ ಫ್ರೇಲಿಂಗ್ 1993ರಲ್ಲೇ ಕಲೆಯ ಬಗೆಗಿನ ಸಂಶೋಧನೆ, ಕಲೆಯ ಮೂಲಕ ಸಂಶೋಧನೆ, ಕಲೆಗಾಗಿ ಸಂಶೋಧನೆ ಅಂತ ಮೂರು ದಾರಿ ಬಿಡಿಸಿ ತೋರಿಸಿದ್ದಾರೆ. ಹೊರಗಿನ ಹೆಸರು ಹೇಳಿದರೆ ನಮ್ಮ ಮೇಜಿನವರು ತಲೆದೂಗುತ್ತಾರೆ ಅಂತ ಪರಿಷ್ಕರಿಸಿದ ಅರ್ಜಿಯಲ್ಲಿ ಅದನ್ನೂ ಬರೆದಿದ್ದೇನೆ. ನಮ್ಮ ಜಿಲ್ಲೆಯವರೇ ಆದ ಜೀ.ಶಂ.ಪರಮಶಿವಯ್ಯ ಊರೂರು ತಿರುಗಿ ಹಾಡು ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಮಂಟೇಸ್ವಾಮಿ ಕಾವ್ಯವನ್ನು ಅಚ್ಚು ಹಾಕಿತು. ಅವರು ಹಾಗೆ ಬರೆದಿಡದಿದ್ದರೆ ನಾನು ಹೋಲಿಸಿ ನೋಡುವುದಕ್ಕೂ ಏನೂ ಇರುತ್ತಿರಲಿಲ್ಲ. ಆದರೆ ಅಚ್ಚಿನ ಪುಟದಲ್ಲಿ ಹಾಡಿದ್ದು ಸಿಗುತ್ತದೆ. ಹಾಡುವಾಗ ಬಾಯಿಗೆ ಬಂದು, ಬೇಡ ಅಂತ ನುಂಗಿದ್ದು ಸಿಗುವುದಿಲ್ಲ. ಅದು ಹಾಡುವವರಿಗೆ ಮಾತ್ರ ಗೊತ್ತು. ನಾನು ಬರೆಯಬೇಕಾದದ್ದು ಅದನ್ನು.

ಒಂದು ಮುಳ್ಳು ಮಾತ್ರ ನನ್ನಲ್ಲಿ ಹಾಗೇ ಉಳಿದಿದೆ. 2023ರಲ್ಲಿ ಚಿಕ್ಕಬಳ್ಳಾಪುರ ಸೀಮೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಕೇರಿಯ ಹುಡುಗರೆಲ್ಲ ಸ್ಟೇಟಸ್ ಹಾಕಿಕೊಂಡರು, ನಾನೂ ಹಾಕಿಕೊಂಡೆ. ಅದೇ ವರ್ಷ ಊರೊಳಗೆ ಯಾರೋ ಸತ್ತು, ನಮ್ಮ ಬಾಗಿಲಲ್ಲಿ ನಿಂತವರು "ನಿಮ್ಮ ಮಗಳು ಬಾರಿಸ್ತಾಳಂತಲ್ಲ, ಕಳಿಸಲಾ" ಅಂದರು. ಅಪ್ಪ ನನ್ನ ಮುಖ ನೋಡಿದ. 1989ರ ಬೆಂಕಿಯನ್ನು ನಾನೇ ಆರಿಸಿಬಿಟ್ಟೆನೇ? ನಾನು ಕಲೆ ಅಂತ ಹಿಡಿದದ್ದನ್ನು ಊರು ಚಾಕರಿ ಅಂತಲೇ ನೋಡುತ್ತಿದೆ. ನಾನು ಹೋಗಲಿಲ್ಲ. ಆದರೆ ಕೇರಿಯಲ್ಲಿ ಸಾವಾದರೆ ಹೋಗುತ್ತೇನೆ, ಕರೆಯದಿದ್ದರೂ ಹೋಗುತ್ತೇನೆ. ಒಂದೇ ಚರ್ಮ, ಒಂದೇ ಮಟ್ಟು. ಎಲ್ಲಿ ಅದು ಜೀತ, ಎಲ್ಲಿ ಅಲ್ಲ ಅನ್ನುವುದನ್ನು ಪ್ರತಿ ಸಲ ಬಾಗಿಲಲ್ಲಿ ನಿಂತು ತೀರ್ಮಾನಿಸಬೇಕಾಗಿದೆ.

ತಾತ 2021ರಲ್ಲಿ ತೀರಿಕೊಂಡ. ಮೂರನೆಯ ವರ್ಷದ ಎಡೆಯ ರಾತ್ರಿ ತಾತನ ಮೇಳದವರೇ ಬಂದು ಹಾಡಿದರು. ನಾನು ಹಲಗೂರಿನ ಸಾಲು ಹಾಡುತ್ತೇನೆ ಅಂದೆ. ಹಿಮ್ಮೇಳದ ಹಿರಿಯ, ತಾತನ ಜೊತೆ ನಲವತ್ತು ವರ್ಷ ಡಕ್ಕೆ ಹಿಡಿದವರು, ಒಪ್ಪಲಿಲ್ಲ. "ದೀಕ್ಸೆ ಇಲ್ದೆ ತಂಬೂರಿ ಮುಟ್ಟಂಗಿಲ್ಲ. ಹೆಣ್ಣೈಕ್ಳು ಹಾಡಿದ್ದ ನಾ ಕಂಡಿಲ್ಲ." ಜಗುಲಿಯ ಕತ್ತಲಿಂದ ಅಪ್ಪ "ಒಂದು ಸಾಲು ಹಾಡ್ಲಿ ಬುಡಿ ಮಾವ" ಅಂದ. ತಂಬೂರಿ ಮುಟ್ಟಲಿಲ್ಲ. ಬರೀ ಕೊರಳು, ಅವರ ಡಕ್ಕೆ.

ಬಾಗಿಲು ಮುಚ್ಚುವ ತನಕ ಸರಿಯಾಗಿ ಬಂತು. ಮುದುಕಿಯನ್ನು ನಾನು ನೂರು ಸಲ ಅಭ್ಯಾಸ ಮಾಡಿದ್ದೆ, ತಾತನ ಮುದ್ರಿಕೆ ಹಾಕಿಕೊಂಡು, ಉಸಿರಿನ ಸಮೇತ. ಅವಳು ಬಂದಳು. ಸೆರಗಿಗೆ ಕೈ ಹಾಕಿದಳು. ಆ ಹೊತ್ತಿಗೆ ಒಳಗಿನಿಂದ ಅವ್ವ ಎಡೆಗೆ ಇಟ್ಟಿದ್ದ ಸೊಪ್ಪಿನ ಘಮಲು ಬಂತು, ಅಜ್ಜಿ ನೆನಪಾದಳು. ಸೂಜಿ ಅನ್ನಬೇಕಾದ ಬಾಯಿ ಕುಡ್ಲು ಅಂತು. ಅಜ್ಜಿ ಕಳೆ ಕೀಳುತ್ತಿದ್ದ, ಸವೆದು ಬೆರಳಿನಷ್ಟಾಗಿದ್ದ ಕುಡ್ಲು. "ತೇದು ತೇದು ಇಷ್ಟೇ ಉಳಿದದೆ, ತಕ್ಕೋ ಕಂದ." ನನ್ನ ಎದೆ ಹೊಡೆದುಕೊಂಡಿತು. ಡಕ್ಕೆ ನಿಲ್ಲಲಿಲ್ಲ. ಹಿಮ್ಮೇಳ ಆ ಸೊಲ್ಲನ್ನು ಎತ್ತಿಕೊಂಡು ತಿರುಗಿ ಹೇಳಿತು. ಕಥೆ ಮುಂದೆ ಹೋಯಿತು.

ಬೆಳಗಿನ ಜಾವ ಟೀ ಕುಡಿಯುತ್ತಾ ಕೂತಿದ್ದಾಗ ನಾನೇ ಹೇಳಿದೆ, "ತಾತ, ಅಲ್ಲಿ ತಪ್ಪಿ ಕುಡ್ಲು ಅಂದ್ಬುಟ್ಟೆ." ಡಕ್ಕೆಯ ಹಗ್ಗ ಬಿಗಿ ಮಾಡುತ್ತಿದ್ದ ಹಿರಿಯರು ತಲೆ ಎತ್ತಿದರು.

"ಎಲ್ಲಮ್ಮಿ ತಪ್ಪಿದ್ದು? ನಿಮ್ತಾತ ಹಿಂಗೇ ಹೇಳ್ತಿದ್ದ."

ನನ್ನ ಫೋನಿನಲ್ಲಿ ತಾತನ ದನಿಯಲ್ಲೇ ಸೂಜಿ ಇದೆ. ತೆಗೆದು ತೋರಿಸಲಿಲ್ಲ. ಅವರ ಲೋಟಕ್ಕೆ ಇನ್ನೊಂದಿಷ್ಟು ಟೀ ಬಗ್ಗಿಸಿ, ಒಳಗೆ ಹೋಗಿ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡೆ.